ಕೊಲಂಬೊದ ಟ್ಯಾಕ್ಸಿಯವನು

ನಮ್ಮ ಅತ್ತಿಗೆ ಮಂಜಮ್ಮನ ಬಾಯಿಗೆ ಹೆದರದವರು ಹುಳಿಯಾರಿನ ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಹಾಲಿಗೆ ನೀರು ಬೆರೆಸಿದವಳಿಗೆ ಅವಳ ಮನೆಬಾಗಿಲಲ್ಲೇ ನಿಂತು ಹೇಳಿ ಬರುವ ಹೆಂಗಸು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅತ್ತಿಗೆಗೆ ಒದೆಯುವ ಧೈರ್ಯ ಮಾತ್ರ ಇದುವರೆಗೆ ಯಾರಿಗೂ ಬಂದಿಲ್ಲ. ಅಂಥವಳು ಹೋದ ವರ್ಷ ಕೊಲಂಬೊ ನೋಡಿ ಬಂದಮೇಲೆ ಮೆತ್ತಗಾಗಿಬಿಟ್ಟಳು. ನೀರುಹಾಲು ಬಂದರೂ ಸುಮ್ಮನೆ ಕಾಯಿಸುತ್ತಿದ್ದಳು.

ನಮ್ಮಣ್ಣ ರಾಜಣ್ಣನದು ಮನೆಯ ಮುಂಭಾಗದಲ್ಲೇ ಗೊಬ್ಬರದ ಅಂಗಡಿ. ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿ ಸಮೇತ ಫಾರಿನ್ನಿಗೆ ಕಳಿಸುತ್ತಾರೆ. ತೆಂಗಿನ ತೋಟದವರ ಪುಣ್ಯದಿಂದ ಅಣ್ಣನಿಗೂ ಆ ಯೋಗ ಬಂತು. ಅಲ್ಲಿ ಮೂರು ದಿನವೂ ಒಂದೇ ಟ್ಯಾಕ್ಸಿಯಲ್ಲಿ ಓಡಾಡಿದರು. ಟ್ಯಾಕ್ಸಿಯವನಿಗೆ ಅಣ್ಣನಷ್ಟೇ ವಯಸ್ಸು. ತಮಿಳು ಬರುತ್ತಿತ್ತು, ಅಣ್ಣನೂ ಲಾರಿಯವರ ಜೊತೆ ಆಡಿ ಆಡಿ ಒಂದಿಷ್ಟು ತಮಿಳು ಕಲಿತಿದ್ದ. ಅತ್ತಿಗೆಯನ್ನು ಅವನು ಅಮ್ಮಾ ಎಂದೇ ಕರೆಯುತ್ತಿದ್ದನಂತೆ. ದಾರಿಯಲ್ಲಿ ಕಾರು ನಿಲ್ಲಿಸಿ ಕೇಸರಿ ಬಣ್ಣದ ಕಾಯಿಯ ಎಳನೀರು ಕೊಡಿಸಿದರೆ ಅಣ್ಣ ಕುಡಿದು, "ನಮ್ ಕಡೆ ಎಳನೀರ್ ಮುಂದೆ ಇದೇನ್ಲಾ" ಅಂದನಂತೆ. ಪುಕ್ಕಟೆ ಕುಡಿದವನ ಮಾತು ನೋಡಿ.

ಮೂರನೆಯ ದಿನ ಬೆಳಗ್ಗೆ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಅತ್ತಿಗೆ ಅವನ ಕೈಚೀಲದಲ್ಲಿದ್ದ ಪಾಸ್‌ಪೋರ್ಟ್ ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಊರಿಂದ ಒಯ್ದಿದ್ದ ರಾಗಿ ಹುರಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು. ನಮ್ಮ ಕಡೆ ಹೆಂಗಸರೆಲ್ಲ ಹಾಗೇ. ಬೀರು ಇದ್ದರೂ ಸರ, ಓಲೆ ಇರುವುದು ರಾಗಿಯಲ್ಲೋ ಹುರುಳಿಯಲ್ಲೋ. ಕಳ್ಳ ಬೀಗ ಒಡೆಯುತ್ತಾನೆ, ಕಾಳು ಕೆದಕುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಕೈ ತನ್ನಷ್ಟಕ್ಕೆ ಮಾಡಿದ ಕೆಲಸ; ಹೊರಡುವ ಗಡಿಬಿಡಿಯಲ್ಲಿ ಅವಳಿಗೇ ಮರೆತುಹೋಯಿತು.

ಮಧ್ಯಾಹ್ನ ಹೋಟೆಲ್ಲಿನ ಮುಂದೆ ಇಳಿದಾಗ ಅಣ್ಣ ಕೈಚೀಲ ನೋಡಿದ. ಪಾಸ್‌ಪೋರ್ಟ್ ಇಲ್ಲ. ಅಣ್ಣನ ಸಿಟ್ಟು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಟ್ಯಾಕ್ಸಿಯವನಿಂದ ಸೀಟು ಎತ್ತಿಸಿದ, ಡಿಕ್ಕಿ ತೆಗೆಸಿದ, ಜೇಬನ್ನು ತಾನೇ ತಡಕಿದ. ಅವನ ಊಟದ ಡಬ್ಬವನ್ನೂ ಬಿಚ್ಚಿಸಿದ. ಕೆಂಪಕ್ಕಿ ಅನ್ನ, ಮೇಲೆ ಒಂದಿಷ್ಟು ಕಾಯಿಚಟ್ನಿ. ಟೂರಿಗೆ ಬಂದಿದ್ದ ಬೇರೆ ಡೀಲರುಗಳು, ಅವರ ಹೆಂಡಿರು ಸುತ್ತ ನಿಂತು ನೋಡುತ್ತಿದ್ದರು.

ಅನ್ನದ ಡಬ್ಬ ಕಂಡದ್ದೇ ಅತ್ತಿಗೆಗೆ ನೆನಪಾಯಿತು. ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟು ಜನರೆದುರು ಗಂಡ ಏನಂದಾನು, ಆ ಹೆಂಗಸರು ಹೇಗೆ ನಕ್ಕಾರು ಎಂದು ಬಾಯಿ ಮುಚ್ಚಿಕೊಂಡಳು. ಟ್ಯಾಕ್ಸಿಯವನು ಒಮ್ಮೆ ಅವಳ ಕಡೆ ನೋಡಿ, "ನೀವಾದರೂ ಹೇಳಿ ಅಮ್ಮಾ" ಎಂದನಂತೆ. ತಮಿಳಾದರೂ ಅವಳಿಗೆ ಅರ್ಥವಾಯಿತು. ತಲೆ ತಗ್ಗಿಸಿ ನಿಂತಳು. ಅವನು ಡಬ್ಬ ಮುಚ್ಚಿಕೊಂಡು, ಬಾಡಿಗೆಯನ್ನೂ ಕೇಳದೆ ಹೊರಟುಹೋದ.

ಅತ್ತಿಗೆ ರೂಮಿಗೆ ಹೋಗಿ ಪಾಸ್‌ಪೋರ್ಟ್ ಎರಡನ್ನೂ ಡಬ್ಬದಿಂದ ತೆಗೆದು, ಹಿಟ್ಟು ಒರೆಸಿ, ಬಾಗಿಲ ಹತ್ತಿರ ಬಿದ್ದಿತ್ತು ಎಂದು ಗಂಡನ ಕೈಗೆ ಕೊಟ್ಟಳು. ಬೈಸಿಕೊಳ್ಳುವುದು ತಪ್ಪಿತು. ಅಣ್ಣ ಮಾತ್ರ ಬೇರೆಯೇ ಲೆಕ್ಕ ಹಾಕಿದ. ತಾನು ಗದರಿಸಿದ್ದಕ್ಕೆ ಹೆದರಿ ಕಳ್ಳ ಯಾರಿಗೂ ಕಾಣದಂತೆ ಬಂದು ಎಸೆದುಹೋಗಿದ್ದಾನೆ ಎಂದ. ಊರಿಗೆ ಬಂದಮೇಲೆ ಗೊಬ್ಬರಕ್ಕೆ ಬಂದವರಿಗೆಲ್ಲ ಅದೇ ಕಥೆ. ಒಂದೊಂದು ಸಲ ಹೇಳಿದಾಗಲೂ ಟ್ಯಾಕ್ಸಿಯವನು ಇನ್ನಷ್ಟು ಕಳ್ಳನಾಗುತ್ತಿದ್ದ.

ಮೊನ್ನೆ ಕೆಂಕೆರೆಯ ಮಾಯಣ್ಣ ಬಂದಿದ್ದ, ಅತ್ತಿಗೆಯ ತೌರಿನ ಕಡೆಯವನು. ಅಣ್ಣ ಮತ್ತೆ ಶುರು ಮಾಡಿದ. ಮಾಯಣ್ಣ, "ಆ ದೇಸದೋರೇ ಹಂಗೆ ಬುಡಿ" ಎಂದ. ಟೀ ತಂದಿದ್ದ ಅತ್ತಿಗೆ ಲೋಟ ಕೆಳಗಿಟ್ಟಳು.

"ಅವ್ನು ಕದ್ದಿರ್ಲಿಲ್ಲ ಕಣಣ್ಣ. ನಾನೇ ಹುರಿಟ್ಟಿನ ಡಬ್ಬದಾಗೆ ಇಟ್ಟಿದ್ದೆ. ಇವ್ರು ಅವನ ಅನ್ನದ ಡಬ್ಬ ಬಿಚ್ಚಿಸ್ದಾಗ ಗೆಪ್ತಿ ಬಂತು. ಬಂದ್ರೂ ಸುಮ್ಕಿದ್ದೆ."

ಅಣ್ಣ ಬಿಲ್ ಪುಸ್ತಕದ ಹಾಳೆ ತಿರುವತೊಡಗಿದ. ಮಾಯಣ್ಣನೇ ಸಮಾಧಾನ ಹೇಳಿದ. "ಹೋಗ್ಲಿ ಬುಡವ್ವ. ಎಲ್ಲೋ ದೂರದೋನು. ನಾವಿಲ್ಲಿ ಅಂದಿದ್ದು ಅವನಿಗೇನ್ ಗೊತ್ತಾಯ್ತದೆ?"

"ತಾನು ಕದ್ದಿಲ್ಲ ಅಂತ ಅವನಿಗೆ ಗೊತ್ತು. ನಿಮಗೆ ಗೊತ್ತಾಗ್ಲಿ ಅಂತ ಹೇಳ್ದೆ" ಎಂದು ಒಳಗೆ ಬಂದಳು.

ನಾನು ಅಡುಗೆಮನೆಗೆ ಹೋದೆ. ನನಗೂ ಅವಳ ಮೇಲೆ ಸಿಟ್ಟಿತ್ತು, ಅಷ್ಟೇ ಕನಿಕರವೂ ಇತ್ತು. "ಆ ಹೋಟೆಲ್‌ಗೆ ಫೋನ್ ಮಾಡಿಸೋಣ ಅತ್ತಿಗೆ. ಅವ್ರು ಹುಡುಕಿಕೊಡ್ತಾರೆ. ತಪ್ಪಾಯ್ತು ಅಂತ ಒಂದ್ ಮಾತು ಹೇಳಿ" ಎಂದೆ.

ಅತ್ತಿಗೆ ಒಲೆಯ ಮೇಲಿನ ಹಾಲು ಇಳಿಸಿದಳು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಯಾವೂರು, ಯಾರ ಪೈಕಿ ಎಂದು ವಿಚಾರಿಸದೆ ಬಿಡುವವಳಲ್ಲ ಅವಳು.

"ಯಾರು ಅಂತ ಹುಡುಕ್ಸೋದು ನಿರ್ಮಲಾ?" ಎಂದಳು. "ಮೂರು ದಿನ ಅವನ ಹಿಂದೇನೇ ಕೂತಿದ್ದೆ. ಹೆಸ್ರು ಕೇಳ್ಲಿಲ್ಲ."