ಕೊಟ್ಟಿಗೆಯ ಕಡತ

ಸಾಯುವ ಹಿಂದಿನ ದಿನವೂ ಎಸೆನ್‌ಕುಲ್ ಹೆಂಡತಿಯಿಂದ ಬೈಸಿಕೊಂಡ. ಹಸು ಅಂಗಳದ ಗಾಳಿಯಲ್ಲಿ ನಡುಗುತ್ತಾ ನಿಂತಿತ್ತು. ಅದರ ಕೊಟ್ಟಿಗೆಯ ತುಂಬ ಕಾಗದ.

ಕಾಗದ ಸರ್ಕಾರದ್ದು. ಹಿಂದೆ ಊರಿನವರೆಲ್ಲ ಸಾಮೂಹಿಕ ಬೇಸಾಯದಲ್ಲಿ ದುಡಿಯುತ್ತಿದ್ದಾಗ ಯಾರು ಕುರಿ ಕಾದರು, ಯಾರು ಹಾಲು ಕರೆದರು ಅಂತ ಬರೆದಿಟ್ಟ ಕಡತಗಳು. ವರ್ಷಗಟ್ಟಲೆ ಯಾರೂ ಬಿಚ್ಚಿರಲಿಲ್ಲ. ಆಫೀಸಿನ ಬೆಚ್ಚಗಿನ ಕೋಣೆಯನ್ನು ಔಷಧಿ ಅಂಗಡಿಗೆ ಬಾಡಿಗೆ ಕೊಡಬೇಕೆಂದು ಸಾಹೇಬ ಇವಕ್ಕೆ ಅಗ್ಗದ ಜಾಗ ಹುಡುಕಿದ. ಆಫೀಸಿನ ಕಾವಲುಗಾರ ಎಸೆನ್‌ಕುಲ್, ನಮ್ಮ ಕೊಟ್ಟಿಗೆ ಇದೆಯಲ್ಲ ಅಂದುಬಿಟ್ಟ. ಬಾಡಿಗೆಯ ಬದಲು ಚಳಿಗಾಲಕ್ಕೆ ಒಂದು ಗಾಡಿ ಕಲ್ಲಿದ್ದಲು ಅಂತ ಮಾತಾಯಿತು. ಕಡತ ಬಂತು. ಕಲ್ಲಿದ್ದಲು ಬರಲಿಲ್ಲ.

ಬೇಲಿಯಾಚೆಯವರು ನಕ್ಕರು. ಹಸುವಿಗೆ ಆಫೀಸರ್ ಕೆಲಸ ಸಿಕ್ಕಿತೇ ಅಂತ ಕೇಳಿದರು. ಎಸೆನ್‌ಕುಲ್, ಬಿಟ್ಟರೆ ನನ್ನ ಹೆಂಡತಿಗಿಂತ ಮೊದಲು ಅದೇ ಓದು ಕಲಿಯುತ್ತೆ ಅಂದ. ಹೆಂಡತಿ ಬುರುಲ್ ಕಲಿತದ್ದು ತನ್ನ ಹೆಸರು ಬರೆಯುವಷ್ಟು. ಅವಳೇನು ಬಿಡುವವಳಲ್ಲ. "ಓದೋ ಹಸು ಹಾಲು ಕೊಡಲ್ಲ, ನಿನ್ನ ಹಾಗೆ ಸುಮ್ನೆ ಮೇಯುತ್ತೆ," ಅಂದಳು.

ಅವನು ಕಲ್ಲಿನ ಮೇಲೆ ಹಲಗೆ ಹಾಸಿ, ನೀಲಿ ದಾರದಲ್ಲಿ ಕಟ್ಟಿದ ಕಡತಗಳನ್ನು ನೆಲಕ್ಕೆ ತಾಗದಂತೆ ಪೇರಿಸಿದ್ದ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಗಾಳಿ ಆಡಿಸಿ, ಇಲಿಯ ಹಿಕ್ಕೆ ಗುಡಿಸುತ್ತಿದ್ದ. ಆ ದಿನ ಬುರುಲ್, ಇವನ್ನು ಹೊರಗೆ ಹಾಕಿ ಹಸು ಒಳಗೆ ಕಟ್ಟು ಅಂತ ಹಟ ಹಿಡಿದಳು. ಅವನು ನಗಲಿಲ್ಲ.

"ಇದ್ರಲ್ಲಿ ಮುದುಕಿಯರ ಪಿಂಚಣಿ ಇದೆ ಕಣೇ. ಒಂದು ಹಾಳೆಯೂ ಹೋಗಲ್ಲ ಅಂತ ಮಾತು ಕೊಟ್ಟಿದ್ದೀನಿ."

ಮರುದಿನ ನೀರಿಗೆ ಹೋದವನು ಹೊಳೆದಂಡೆಯಲ್ಲಿ ಕೂತ. ಮತ್ತೆ ಏಳಲಿಲ್ಲ.

ಅಂಗಳದಲ್ಲಿ ಯುರ್ತ್ ಗುಡಾರ ಎಬ್ಬಿಸಿದರು. ಅವನನ್ನು ಒಳಗೆ ಮಲಗಿಸಿ, ಹೆಣ ತಣ್ಣಗಿರಲೆಂದು ಉಣ್ಣೆಗಂಬಳಿಯ ಗೋಡೆಯನ್ನು ಬುಡದಲ್ಲಿ ಮೇಲೆತ್ತಿ ಕಟ್ಟಿದರು. ಬುರುಲ್ ಗೋಡೆಗೆ ಮುಖ ಮಾಡಿ ಕೂತಳು. ಕೂತ ವಿಧವೆ ಏಳುವಂತಿಲ್ಲ. ಬಂದವರ ಜೊತೆ ಮಾತಿಲ್ಲ. ಬಾಯಿ ತೆರೆದರೆ ಅದು ಗಂಡನ ಗುಣ ಹಾಡಿ ಅಳುವುದಕ್ಕೆ. ಮನೆ, ಒಲೆ, ಹಂಡೆ ಎಲ್ಲ ಅವನ ಅಕ್ಕ ಸಾಲ್ಕಿನ್ ಕೈಗೆ ಹೋಯಿತು.

ಜನ ಬರುತ್ತಲೇ ಇದ್ದರು. ಹಸುವನ್ನು ಅವರಿಗಾಗಿಯೇ ಕಡಿದಿದ್ದರು. ಆದರೆ ಮಳೆಗೆ ಬೆರಣಿ ನೆನೆದಿತ್ತು. ಒಲೆ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಚಹಾ ಇಲ್ಲ, ನೆಂಟರು ಕಾಯ್ತಿದ್ದಾರೆ ಅಂತ ಸಾಲ್ಕಿನ್ ಕೂಗಾಡುವುದು ಒಳಗೆ ಕೇಳುತ್ತಿತ್ತು.

ಆಮೇಲೆ ಕೂಗಾಟ ನಿಂತಿತು. ಎತ್ತಿ ಕಟ್ಟಿದ ಕಂಬಳಿಯ ಅಡಿಯಲ್ಲಿ ಬುರುಲ್‌ಗೆ ಓಡಾಡುವವರ ಕಾಲಷ್ಟೇ ಕಾಣುತ್ತಿತ್ತು. ರಬ್ಬರ್ ಚಪ್ಪಲಿಯ ಎರಡು ಕಾಲು ಕೊಟ್ಟಿಗೆ ಕಡೆಯಿಂದ ಬಂದವು. ಅವುಗಳ ಪಕ್ಕ ಒಂದು ನೀಲಿ ದಾರ ನೆಲದ ಮೇಲೆ ಎಳೆದುಕೊಂಡು ಬಂತು. ಸ್ವಲ್ಪ ಹೊತ್ತಿಗೆ ಒಣ ಕಾಗದ ಸುಟ್ಟ ವಾಸನೆ.

ಅವಳಿಗೆ ತಿಳಿಯಿತು. ಏಳಬೇಕಿತ್ತು. ಎದ್ದರೆ ಜನ ಏನಂದಾರು? ಗಂಡನ ಹೆಣದ ಪಕ್ಕದಿಂದ ಎದ್ದು ಒಲೆಯ ಮುಂದೆ ಜಗಳಕ್ಕೆ ನಿಂತಳು ಅಂತ ಊರು ತುಂಬ ಆಡಿಕೊಳ್ಳುವುದಿಲ್ಲವೇ? ಹಾಡಿನಲ್ಲಾದರೂ ಹೇಳಬಹುದಿತ್ತು. ಹಾಡಿನಲ್ಲಿ ವಿಧವೆ ಏನು ಹೇಳಿದರೂ ಕೇಳುತ್ತಾರೆ.

ಅಷ್ಟರಲ್ಲಿ ಹೊಸ ನೆಂಟರು ಗೋಳಿಡುತ್ತಾ ಅಂಗಳಕ್ಕೆ ಬಂದರು. ಬುರುಲ್ ದನಿ ಎತ್ತಿದಳು. ಬಾಯಿಗೆ ಬಂದದ್ದು ಬೇರೆಯೇ.

"ಊರಿನ ಬದುಕು ಕಾದವನೇ, ಒಂದು ಹಾಳೆಯನೂ ಕಳೆಯದವನೇ, ಕೊಟ್ಟ ಮಾತಿಗೆ ಕಾವಲಾದವನೇ..."

ಹೊಗೆ ಕಂಬಳಿಯ ಅಡಿಯಿಂದ ಒಳಗೆ ಬರುತ್ತಿತ್ತು. ಅವಳು ಕೆಮ್ಮಿ, ಮತ್ತೆ ಅದನ್ನೇ ಹಾಡಿದಳು. ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಇಂಥ ಹಾಡು ಕೇಳಿ ಬಹಳ ದಿನವಾಗಿತ್ತು ಅಂದರು. ಇಂದಿಗೂ ಅನ್ನುತ್ತಾರೆ. ಅಂದಾಗಲೆಲ್ಲ ಬುರುಲ್ ಎದ್ದು ಆಚೆ ಹೋಗುತ್ತಾಳೆ.

ವಸಂತದಲ್ಲಿ ಕಲ್ಲಿದ್ದಲು ಬಂತು. ಅದರ ಹಿಂದೆಯೇ ಕಾಲಿಚಾ ಬಂದಳು. ಹರೆಯದಿಂದ ಹಾಲು ಕರೆದು ಬೆರಳು ಸೊಟ್ಟಗಾದ ಮುದುಕಿ. ಪಿಂಚಣಿ ಹೆಚ್ಚಬೇಕಾದರೆ ದುಡಿದ ವರ್ಷಗಳ ಕಾಗದ ಬೇಕಂತೆ, ಆಫೀಸಿನವರು ಇಲ್ಲಿಗೆ ಕಳಿಸಿದರಂತೆ. ಅವಳ ಮುಖದಲ್ಲಿ ಚಿಂತೆಯೇ ಇರಲಿಲ್ಲ.

"ನಂಗೇನು ಭಯ ಇಲ್ಲವ್ವಾ. ಒಂದು ಹಾಳೆ ಕಳೆದಿಲ್ಲ ಅಂತ ನೀನೇ ಹಾಡಿದ್ಯಲ್ಲ."

ಬುರುಲ್ ಅವಳನ್ನು ಕೊಟ್ಟಿಗೆಗೆ ಕರೆದೊಯ್ದಳು. ಬಾಗಿಲ ಹತ್ತಿರದ ಹಲಗೆಗಳು ಬರಿದು. ಉಳಿದದ್ದರಲ್ಲಿ ಶಾಲೆಯಲ್ಲಿ ಓದುವ ಪಕ್ಕದ ಮನೆಯ ಹುಡುಗಿ ಹೊತ್ತು ಮುಳುಗುವ ತನಕ ಹುಡುಕಿದಳು. ಕುರಿ ಕಾದವರು ಇದ್ದರು. ಹಾಲು ಕರೆದವರು ಒಬ್ಬರೂ ಇರಲಿಲ್ಲ.

ಎಸೆನ್‌ಕುಲ್ ಕಳೆದನೇನೋ ಅಂತ ಮುದುಕಿ ಮೆಲ್ಲಗೆ ಅಂದಳು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸತ್ತವನು ಬಂದು ಇಲ್ಲ ಅನ್ನುವುದಿಲ್ಲ.

"ಅವರು ಕಳೀಲಿಲ್ಲ ಅಜ್ಜಿ," ಅಂದಳು ಬುರುಲ್. "ಸಾವಿನ ಮನೆ ಚಹಾಕ್ಕೆ ಸುಟ್ರು. ನಾನು ಕಂಡೆ. ಕಂಡೂ ಹಾಡ್ತಾ ಕೂತಿದ್ದೆ."

ಕಾಲಿಚಾ ಬರಿದಾದ ಹಲಗೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಬುರುಲ್‌ಗೆ ಸ್ವಲ್ಪ ಹಗುರವಾಗುತ್ತಿತ್ತು.

"ಆ ಚಹಾ ನಾನೂ ಕುಡಿದೆ," ಅಂದಳು ಮುದುಕಿ. "ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡೆ."

ಸಾಕ್ಷಿ ಹೇಳುವವರಿದ್ದರೆ ನೋಡೋಣ ಅಂತ ಆಫೀಸಿನವರು ಅಂದಿದ್ದಾರೆ. ಅವಳ ಜೊತೆ ಹಾಲು ಕರೆದವರಲ್ಲಿ ಉಳಿದವರೇ ಕಡಿಮೆ. ಅವರನ್ನು ಹುಡುಕಿಕೊಂಡು ಕಾಲಿಚಾ ಊರೂರು ಅಲೆಯುತ್ತಾಳೆ. ಬುರುಲ್ ಅವಳ ಚೀಲ ಹೊತ್ತು ಹಿಂದೆ ಹೋಗುತ್ತಾಳೆ. ಹೋದ ಮನೆಯಲ್ಲೆಲ್ಲ ಚಹಾ ಕೊಡುತ್ತಾರೆ. ಅವಳು ತನ್ನ ಬಟ್ಟಲನ್ನು ಮುದುಕಿಯ ಕಡೆ ಸರಿಸುತ್ತಾಳೆ.

ಸಾಹೇಬ ಉಳಿದ ಕಡತ ವಾಪಸು ಕೇಳಿಲ್ಲ. ಕೊಟ್ಟಿಗೆಗೆ ಬೇರೆ ಹಸು ತರಬಾರದೇ ಅಂತ ಸಾಲ್ಕಿನ್ ಕೇಳುತ್ತಾಳೆ. ಬುರುಲ್ ಬೆಳಿಗ್ಗೆ ಎದ್ದು, ಒಲೆ ಹಚ್ಚುವ ಮೊದಲು, ಕೊಟ್ಟಿಗೆಯ ಬಾಗಿಲು ತೆಗೆದು ಗಾಳಿ ಆಡಿಸುತ್ತಾಳೆ. ಹಿಕ್ಕೆ ಗುಡಿಸುತ್ತಾಳೆ. ಬರಿದಾದ ಹಲಗೆಗಳನ್ನೂ ಒರೆಸುತ್ತಾಳೆ.