ರತ್ನಮ್ಮನವರ ಎಲೆಯಡಿಕೆ ಚೀಲದ ನೀಲಿ ಫ್ಯೂಸು

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಕಾರಿನೊಳಗೆ ತಲೆ ಕೆಳಗೆ ಮಾಡಿಕೊಂಡು ಬಿದ್ದಿದ್ದೆ. ಗಾಬರಿ ಬೇಡ, ಅಪಘಾತವಲ್ಲ. ಹಿಂದಿನ ವಾರ ನನ್ನ ಭಾವಮೈದ ಕಾರು ಕೊಂಡೊಯ್ದವನು ಚಕ್ರದ ಗಾಳಿಯನ್ನೂ ಟ್ಯಾಂಕಿನ ಪೆಟ್ರೋಲನ್ನೂ ಇಳಿಸಿ ತಂದು ನಿಲ್ಲಿಸಿದ್ದ. ಗಾಳಿ ತುಂಬಲೆಂದು ಪುಟ್ಟ ಯಂತ್ರವೊಂದನ್ನು ಕೊಂಡು, ಮೊಬೈಲ್ ಚಾರ್ಜ್ ಮಾಡುವ ತೂತಿಗೆ ಸಿಕ್ಕಿಸಿದೆ. ಯಂತ್ರ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ತೂತೂ ಅದರ ಜೊತೆಗೇ ಸುಮ್ಮನಾಯಿತು. ಸ್ಟಿಯರಿಂಗ್ ಕೆಳಗಿನ ಮುಚ್ಚಳ ತೆಗೆದು, ಬೆರಳಿನ ಉಗುರಿನಷ್ಟಿದ್ದ ನೀಲಿ ಫ್ಯೂಸೊಂದನ್ನು ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಡಿದುಹೋಗಿತ್ತು. ಮೂಗಿನ ಬಳಿ ತಂದೆ. ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಅದರ ಹಿಂದೆಯೇ, ಎಲ್ಲಿಂದಲೋ, ಬೆಳ್ಳುಳ್ಳಿ ಚಟ್ನಿ, ವೀಳ್ಯದೆಲೆ, ಸುಣ್ಣದ ವಾಸನೆಗಳೂ ಸಾಲಾಗಿ ಬಂದಂತಾಗಿ ಬಿದ್ದಲ್ಲೇ ನಗತೊಡಗಿದೆ. ಹೊರಗೆ ನಿಂತಿದ್ದ ಹೆಂಡತಿಗೆ ನನ್ನ ಕಾಲೆರಡು ಮಾತ್ರ ಕಾಣುತ್ತಿದ್ದವು. ಕಾಲುಗಳು ನಗುವುದನ್ನು ಅವಳು ಅದೇ ಮೊದಲು ನೋಡಿದ್ದು.

ಈ ನಗು ನಿಮಗೆ ಅರ್ಥವಾಗಬೇಕಾದರೆ ನನ್ನ ಜೊತೆ ಒಂದಿಷ್ಟು ವರ್ಷ ಹಿಂದಕ್ಕೆ, ದೊಡ್ಡನೆಕ್ಕುಂದಿಗೆ ಬರಬೇಕು. ಹೊರವರ್ತುಲ ರಸ್ತೆಯ ಎರಡೂ ಬದಿಗೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಾನು ರತ್ನಮ್ಮನವರ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರದು ಊರಿನ ಹಳೆಯ ಕುಟುಂಬ. ಯಜಮಾನರು ಪಿಳ್ಳಪ್ಪನವರು, ಕಾರ್ಖಾನೆಯಿಂದ ನಿವೃತ್ತರಾಗಿ ತುಳಸಿ ಕಟ್ಟೆಯ ಪಕ್ಕ ಪೇಪರ್ ಓದುವುದನ್ನೇ ಹೊಸ ಉದ್ಯೋಗ ಮಾಡಿಕೊಂಡಿದ್ದರು. ರತ್ನಮ್ಮನವರು ಮಾತ್ರ ಕತ್ತಲಿರುವಾಗಲೇ ಎದ್ದು ಇಡ್ಲಿ, ಚಿತ್ರಾನ್ನ, ಚಟ್ನಿ ಮಾಡಿ, ಕಟ್ಟಡದ ಕೆಲಸಕ್ಕೆ ಬಂದಿದ್ದ ಕೊಪ್ಪಳ, ರಾಯಚೂರು ಕಡೆಯ ಜನಕ್ಕೆ ತಿಂಡಿ ಒಯ್ದು ಬಡಿಸುತ್ತಿದ್ದರು. ಮೊದಮೊದಲು ಆಟೋದಲ್ಲಿ ಒಯ್ಯುತ್ತಿದ್ದರು. ಆಟೋದವನಿಗೆ ನಿದ್ದೆ ಹೆಚ್ಚಾದ ದಿನ ತಿಂಡಿ ತಡವಾಗುತ್ತಿತ್ತು. ಒಂದು ದಿನ ಸಿಟ್ಟು ನೆತ್ತಿಗೇರಿ, "ನಂಗೇನ್ ಕೈ ಕಾಲು ಇಲ್ವಾ?" ಎಂದವರೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊಮ್ಮಕ್ಕಳಿರುವ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡು, ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡೇಬಿಟ್ಟರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಿಂದಿನ ಸೀಟಿನ ತುಂಬ ಪಾತ್ರೆ ಹೇರಿಕೊಂಡು, ಹಾರನ್ ಮೇಲಿನ ಕೈ ತೆಗೆಯದೆ ಅವರು ಹೊರಟರೆಂದರೆ ಟೆಂಪೋದವರೂ ದಾರಿ ಬಿಡುತ್ತಿದ್ದರು.

ತೊಂದರೆ ಬಂದದ್ದು ಕಾರಿನಿಂದಲ್ಲ, ಪಿಳ್ಳಪ್ಪನವರ ನಾಲಿಗೆಯಿಂದ. ಆ ನಾಲಿಗೆಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಊರು ತುಂಬ ನೆಂಟರು. ಒಬ್ಬರ ನಾಮಕರಣಕ್ಕೆ, ಒಬ್ಬರ ನಿಶ್ಚಿತಾರ್ಥಕ್ಕೆ, ಒಬ್ಬರಿಗೆ ಸುಮ್ಮನೆ ಹೆಂಡತಿಯ ಊರಿನವರ ಮುಂದೆ ಇಳಿಯಲಿಕ್ಕೆ ಕಾರು ಬೇಕು. ಎಲ್ಲರಿಗಿಂತ ಹೆಚ್ಚು ಬೇಕಿದ್ದುದು ಅವರ ತಮ್ಮ ಮುನಿರಾಜುವಿಗೆ. ಸೈಟು ತೋರಿಸುವ ವ್ಯವಹಾರ ಅವನದು. "ಅಣ್ಣೋ, ಒಂದ್ ರೌಂಡ್ ಓಗ್ಬಂದ್ಬಿಡ್ತೀನಿ" ಎಂದು ಸಂಜೆ ಒಯ್ದರೆ ಆ ರೌಂಡು ಎಷ್ಟು ದೊಡ್ಡದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ.

ಹಾಗೆ ಒಯ್ದ ಕಾರು ಒಂದು ದಿನ ಬೆಳಗಾದರೂ ಬರಲಿಲ್ಲ. ಇಡ್ಲಿ ಪಾತ್ರೆಯೊಳಗೇ ತಣ್ಣಗಾಯಿತು. ಹೇಗೋ ಆಟೋ ಹಿಡಿದು ಹೋಗುವಷ್ಟರಲ್ಲಿ ಜನ ಬರಿಹೊಟ್ಟೆಯಲ್ಲೇ ಕೆಲಸಕ್ಕೆ ಹತ್ತಿದ್ದರು. ಅವರ ಮೇಸ್ತ್ರಿ ದುರುಗಪ್ಪ ಒಳ್ಳೆಯ ಮನುಷ್ಯ. ಆದರೂ ಕೈಮುಗಿದೇ ಹೇಳಿದನಂತೆ. "ಅಕ್ಕಾರ, ಇನ್ನೊಮ್ಮೆ ಹಿಂಗಾದ್ರ ನಾವು ಬ್ಯಾರೆ ಕಡೆ ನೋಡ್ಕೋತೇವ್ರಿ. ಖಾಲಿ ಹೊಟ್ಟಿಲೆ ಸಾರುವೆ ಏರಾಕ ಆಗಂಗಿಲ್ಲ." ಅಂದು ಮನೆಗೆ ಬಂದ ರತ್ನಮ್ಮನವರು ಯಾರನ್ನೂ ಬಯ್ಯಲಿಲ್ಲ. ಅವರು ಬಯ್ಯದೇ ಇದ್ದುದು ಕಂಡು ನನಗೆ ಭಯವಾಯಿತು.

ಸಂಜೆ ತಾರಸಿಗೆ ಬಂದರು. ಕೈಯಲ್ಲಿ ಕಾರಿನ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕ. "ಓದಿ ಹೇಳಪ್ಪ. ಗಾಡಿ ಕಟ್ಕಂಡಿದೀನಿ, ಅದ್ರ ಗುಣ ತಿಳ್ಕಬೇಡ್ವಾ?" ಎಂದರು. ಆಗ ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು. ಹಾಗೆಂದು ಪಾಂಡಿತ್ಯ ತೋರಿಸುವ ಅವಕಾಶ ಬಿಡುವುದುಂಟೆ? ದಿನವೂ ಸಂಜೆ ನಮ್ಮ ಪುರಾಣ ಪಠಣ ಶುರುವಾಯಿತು. ಚಕ್ರಕ್ಕೆ ಗಾಳಿ ಎಷ್ಟಿರಬೇಕು, ಎಂಜಿನ್ ಆಯಿಲ್ಲಿನ ಕಡ್ಡಿಯನ್ನು ಒರೆಸಿ ಅದ್ದಿ ನೋಡುವುದು ಹೇಗೆ, ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಯಾಕೆ ತೆಗೆಯಬಾರದು, ಎಲ್ಲ ಓದಿ ಅರ್ಥ ಹೇಳಿದೆ. ಅವರು ಹೂಂಗುಟ್ಟುತ್ತ ಸೊಂಟದ ಕೆಂಪು ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದರು. ಫ್ಯೂಸಿನ ಅಧ್ಯಾಯಕ್ಕೆ ಬಂದಾಗ ಮಾತ್ರ ಸುಣ್ಣದ ಬೆರಳು ನಿಂತಿತು.

"ಅಂಗಂದ್ರೆ ನಮ್ಮನೆ ಮೀಟ್ರು ಪಕ್ಕ ಇರೋ ಕಟ್ಔಟ್ ಇದ್ದಂಗಾ?"

ಹೌದೆಂದೆ. ಕರೆಂಟು ಮಿತಿ ಮೀರಿದರೆ ಮೊದಲು ತಾನು ಸುಟ್ಟುಕೊಂಡು ಮಿಕ್ಕದ್ದನ್ನು ಉಳಿಸುತ್ತದೆ. ಹತ್ತಕ್ಕೆ ಕೆಂಪು, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಹಳದಿ. ಎಷ್ಟರದು ಸುಟ್ಟಿತೋ ಅಷ್ಟರದನ್ನೇ ಹಾಕಬೇಕು, ದೊಡ್ಡದು ಹಾಕಿದರೆ ಫ್ಯೂಸು ಉಳಿದು ತಂತಿ ಸುಡುತ್ತದೆ.

"ನಮ್ಮನೆಯೋರು ಅದನ್ನೇ ಮಾಡಿದ್ದು. ಪದೇ ಪದೇ ಓಗ್ತದೆ ಅಂತ ದಪ್ಪನೆ ತಂತಿ ಸುತ್ತಿದ್ರು. ಕಟ್ಔಟ್ ಗಟ್ಟಿಯಾಗಿತ್ತು, ಮಿಕ್ಸಿ ಓಯ್ತು." ಸ್ವಲ್ಪ ಹೊತ್ತು ಜಗಿದರು. ಆಮೇಲೆ ಬಹಳ ಮುಗ್ಧವಾಗಿ ಕೇಳಿದರು: "ಇಷ್ಟ್ರಲ್ಲಿ ಯಾವ್ದ್ ತೆಗೆದ್ರೆ ಗಾಡಿ ಸ್ಟಾರ್ಟೇ ಆಗಲ್ಲ?"

ನೀವಾಗಿದ್ದರೆ ಅನುಮಾನ ಪಡುತ್ತಿದ್ದಿರಿ. ನಾನು ವಿದ್ಯಾರ್ಥಿನಿಯ ಜಿಜ್ಞಾಸೆಗೆ ಮೆಚ್ಚಿ, ಪುಸ್ತಕದ ಚಿತ್ರ ನೋಡಿ ಒಂದರ ಮೇಲೆ ಬೆರಳಿಟ್ಟೆ. ಅದು ಹಾರನ್ನಿನದಾಗಿತ್ತು. ಮರುದಿನ ಮುನಿರಾಜು ಕಿಟಕಿಯಿಂದ ತಲೆ ಹೊರಹಾಕಿ "ಸೈಡು, ಸೈಡು" ಎಂದು ಕೂಗುತ್ತ ಮಾರತ್ತಹಳ್ಳಿಯವರೆಗೂ ಹೋಗಿಬಂದ. ರತ್ನಮ್ಮನವರು ನನ್ನನ್ನು ನೋಡಿದ ನೋಟದಲ್ಲಿ ಬಾಡಿಗೆದಾರನ ಭವಿಷ್ಯ ಕಾಣಿಸಿತು. ಚಿತ್ರವನ್ನು ತಿರುಗಿಸಿ ಹಿಡಿದು ಮತ್ತೆ ನೋಡಿದೆ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪಿನದು ಸಿಕ್ಕಿತು. ನೀಲಿ ಬಣ್ಣದ್ದು.

ಅಂದಿನಿಂದ ಕಾರಿಗೆ ವಿಚಿತ್ರ ರೋಗ ಹಿಡಿಯಿತು. ರತ್ನಮ್ಮನವರು ತಿಂಡಿ ಬಡಿಸಿ ಬಂದು ನಿಲ್ಲಿಸಿದ ಮೇಲೆ ಯಾರು ಕೀ ತಿರುಗಿಸಿದರೂ ಕೊರ್ ಕೊರ್ ಎನ್ನುವುದೇ ಹೊರತು ಹೊತ್ತಿಕೊಳ್ಳದು. ನಮ್ಮಲ್ಲಿ ಕಾರು ನಿಂತರೆ ಒಂದು ಪದ್ಧತಿಯಿದೆ, ನೀವೂ ನೋಡಿರುತ್ತೀರಿ: ಬಾನೆಟ್ ಎತ್ತಿ, ಸುತ್ತ ನಾಲ್ಕು ಗಂಡಸರು ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು. ಯಾರಿಗೂ ಏನೂ ಗೊತ್ತಿರಬೇಕಾಗಿಲ್ಲ. ಒಬ್ಬ "ಬ್ಯಾಟ್ರಿ" ಅನ್ನಬೇಕು, ಇನ್ನೊಬ್ಬ "ಪ್ಲಗ್ಗು" ಅನ್ನಬೇಕು. ಪಾಪ, ಆ ಬ್ಯಾಟರಿಯ ತುದಿಗಳನ್ನು ರತ್ನಮ್ಮನವರು ವಾರಕ್ಕೊಮ್ಮೆ ಒರೆಸಿ ವ್ಯಾಸಲೀನ್ ಹಚ್ಚುತ್ತಿದ್ದರು; ಆ ಬೀದಿಯಲ್ಲಿ ಅಷ್ಟು ಆರೈಕೆ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ದೃಷ್ಟಿಯಾಗಿದೆ ಎಂದರು ಕೆಲವರು. ನಿಂಬೆಹಣ್ಣು ಕಟ್ಟಿದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು. ಮರುದಿನ ಬೆಳಿಗ್ಗೆ ರತ್ನಮ್ಮನವರು ಬಂದು, "ಅಯ್ಯೋ, ಬಳೆ ಪಿನ್ನು ಬಿತ್ತು" ಎಂದು ಸ್ಟಿಯರಿಂಗ್ ಕೆಳಗೆ ಬಗ್ಗಿ, ಎದ್ದು, ಕಾರಿನ ಕೆನ್ನೆ ತಟ್ಟಿ ಕೀ ತಿರುಗಿಸುತ್ತಿದ್ದರು. ಗಾಡಿ ಮರುಮಾತಿಲ್ಲದೆ ಹೊರಡುತ್ತಿತ್ತು. "ಅದ್ಕೆ ನನ್ ಕೈ ಒಗ್ಗೋಗೈತೆ" ಎನ್ನುತ್ತಿದ್ದರು. ತಿಂಡಿ ಒಂದು ದಿನವೂ ತಡವಾಗಲಿಲ್ಲ. ಫ್ಯೂಸಿನ ವಾಸ ಸೊಂಟದ ಕೆಂಪು ಚೀಲದಲ್ಲಿ, ಎಲೆಯಡಿಕೆಯ ನಡುವೆ. ಅವರ ಇಡ್ಲಿಯಷ್ಟೇ ಧೈರ್ಯವೂ ನನಗೆ ಇಷ್ಟವಾಗಿತ್ತು.

ಆದರೆ ನಮ್ಮ ಉಪಾಯ ನಮಗೇ ತಿರುಗಿ ಬಿತ್ತು. ಆಯುಧಪೂಜೆಯ ದಿನ ಎಲ್ಲರ ಎದುರು ಮುನಿರಾಜು ಘೋಷಿಸಿದ: "ಅಣ್ಣೋ, ಈ ಗಾಡೀಲಿ ಏನೋ ದೋಷ ಐತೆ. ಮಾರ್ಬಿಡನ. ಪಾರ್ಟಿ ಕರ್ಕಂಬಂದಿದೀನಿ, ಜೊತೇಲಿ ಮೆಕ್ಯಾನಿಕ್ಕೂ ಬಂದವ್ನೆ." ಇಲ್ಲ ಎನ್ನಲು ಬಾರದ ಪಿಳ್ಳಪ್ಪನವರು ಮೀಸೆ ಸವರಿಕೊಂಡರು. ರತ್ನಮ್ಮನವರ ಕೈ ಸೊಂಟದ ಚೀಲಕ್ಕೆ ಹೋಯಿತು. ಕಾರು ಹೋದರೆ ಇಡ್ಲಿ ಹೋಯಿತು, ದುರುಗಪ್ಪನ ಜನ ಹೋದರು. ಮೆಕ್ಯಾನಿಕ್ ನಿಜ ಕಂಡುಹಿಡಿದರಂತೂ ಊರಿಗೆಲ್ಲ ನಗೆಪಾಟಲು. ನನ್ನ ಎದೆಯೂ ಕೊರ್ ಕೊರ್ ಎನ್ನುತ್ತಿತ್ತು.

ಮೆಕ್ಯಾನಿಕ್ ಬಾನೆಟ್ ಎತ್ತಲಿಲ್ಲ, ಕೈ ಸೊಂಟಕ್ಕೂ ಹೋಗಲಿಲ್ಲ. ನೇರವಾಗಿ ಸ್ಟಿಯರಿಂಗ್ ಕೆಳಗಿನ ಮುಚ್ಚಳ ತೆಗೆದ. "ಸಾರ್, ಇಲ್ಲೊಂದ್ ಫ್ಯೂಸೇ ಇಲ್ವಲ್ಲ!"

ಪಿಳ್ಳಪ್ಪನವರು ಪೇಪರ್ ಮಡಚಿಟ್ಟು ಎದ್ದು ಬಂದರು. ಕನ್ನಡಕ ಏರಿಸಿ ಆ ಖಾಲಿ ಜಾಗವನ್ನು ಗಂಭೀರವಾಗಿ ನೋಡಿದರು. "ಅದು ತಗಂಡಾಗ್ಲಿಂದಾನೂ ಇಲ್ಲ ಕಣಪ್ಪ. ಕಂಪ್ನಿಯೋರೇ ಬಿಟ್ಟಿರೋದು. ಮುಚ್ಚು, ಮುಚ್ಚು, ಹಬ್ಬದ ದಿವ್ಸ ಗಾಡಿ ಒಟ್ಟೆ ಬಗೀಬಾರ್ದು. ಒಬ್ಬಟ್ಟು ತಿನ್ನು ಬಾ." ಹಾಗೆಂದು ಮೆಕ್ಯಾನಿಕ್ಕನನ್ನು ಹೆಗಲು ಹಿಡಿದು ಒಳಗೆ ನಡೆಸಿದರು. ಕೊಳ್ಳಲು ಬಂದಿದ್ದವನ ಕಡೆ ತಿರುಗಿ, "ನಿಮಗ್ಯಾಕ್ ಸಾಮಿ ರೋಗದ ಗಾಡಿ?" ಎಂದರು. ಅವನು ಒಬ್ಬಟ್ಟು ತಿಂದು ಹೊರಟೇಹೋದ.

ಸಂಜೆ ಪಿಳ್ಳಪ್ಪನವರು ತಾರಸಿಗೆ ಬಂದು ಕನ್ನಡಕದ ಡಬ್ಬಿ ತೆಗೆದು ತೋರಿಸಿದರು. ಒಳಗೊಂದು ಹೊಚ್ಚಹೊಸ ನೀಲಿ ಫ್ಯೂಸು.

"ಕಾರ್ಖಾನೇಲಿ ಜೀವ್ಮಾನ ತೇದಿದೀನಿ. ಗಾಡಿಗೆ ಪೆಟ್ರೋಲ್ ಬರ್ತಿಲ್ಲ ಅಂತ ತಿಳಿಯಾಕಿಲ್ವಾ ನಂಗೆ?"

"ಮತ್ತೆ ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ಮುನಿರಾಜು ಕೇಳ್ತಾನೆ. ಕೇಳಿದ್ರೆ ಇಲ್ಲ ಅನ್ನಕ್ಕೆ ನನ್ ಕೈಲಾಗಲ್ಲ. ಗಾಡಿನೇ ಒಲ್ಲೆ ಅಂದ್ರೆ ನಾನೇನ್ ಮಾಡಾನ?" ಡಬ್ಬಿ ಟಪ್ಪೆಂದು ಮುಚ್ಚಿದರು. "ರತ್ನಂಗೆ ಯೋಳ್ಬೇಡ. ಅಷ್ಟು ಕಷ್ಟಬಿದ್ದು ಬಗ್ತಾಳೆ."

ನಾನು ಹೇಳಲಿಲ್ಲ. ಆ ಕಟ್ಟಡಗಳೆಲ್ಲ ಎದ್ದು ನಿಂತವು, ದುರುಗಪ್ಪನ ಜನ ಬೇರೆ ಕಡೆಗೆ ಹೋದರು, ಆ ಕಾರೂ ಮುದಿಯಾಗಿ ಹೋಯಿತು. ನಾನು ಮಹದೇವಪುರದ ಅಪಾರ್ಟ್‌ಮೆಂಟಿಗೆ ಬಂದು ಸಂಸಾರಸ್ಥನಾದೆ. ಕಳೆದ ಭಾನುವಾರ, ಸುಟ್ಟ ಫ್ಯೂಸು ಕೈಯಲ್ಲಿದ್ದಾಗ, ಹೊಟ್ಟೆಯಲ್ಲಿದ್ದ ಗುಟ್ಟು ತಡೆಯದೆ ರತ್ನಮ್ಮನವರಿಗೆ ಫೋನ್ ಮಾಡಿದೆ.

"ಅಮ್ಮಾ, ಆ ಫ್ಯೂಸಿನ ವಿಷಯ ಯಜಮಾನ್ರಿಗೆ ಗೊತ್ತಿತ್ತು."

ಆ ಕಡೆ ಎಲೆ ಜಗಿಯುವ ಸದ್ದು. "ಕನ್ನಡಕದ ಡಬ್ಬೀಲಿ ಮಡಗಿದ್ರಲ್ಲ, ಅದಾ? ಆ ಡಬ್ಬಿ ದಿನಾ ಒರ್ಸೋಳು ನಾನೇ ಅಲ್ವಾ?"

"ಗೊತ್ತಿದ್ದೂ ದಿನಾ ಬಳೆ ಪಿನ್ನು ಬಿತ್ತು ಅಂತ ಬಗ್ತಿದ್ರಾ?"

"ತುಳಸಿ ಕಟ್ಟೆ ಪಕ್ಕ ಕೂತ್ಕಂಡು, ಪೇಪರ್ ಅಡ್ಡ ಇಟ್ಕಂಡು, ಮೀಸೇಲಿ ನಗ್ತಿದ್ರಪ್ಪ. ಮದ್ವೆ ಆದಾಗ್ನಿಂದ ಆ ಮನ್ಸ ಬೆಳಬೆಳಗ್ಗೆ ನಕ್ಕಿದ್ದು ನಾನ್ ನೋಡಿರ್ಲಿಲ್ಲ. ಒಂದ್ಸಲ ಬಗ್ಗಿದ್ರೆ ನಂದೇನ್ ಓಗ್ತದೆ?"

ಫೋನ್ ಇಟ್ಟ ಮೇಲೆ ಹೆಂಡತಿಗೆ ಈ ಕಥೆಯನ್ನೆಲ್ಲ ಹೇಳಿದೆ; ಕೇಳಿಕೊಂಡು ಅವಳು ಬಟ್ಟೆ ಒಣಹಾಕಲು ಮೇಲೆ ಹೋದಳು. ಮುಚ್ಚಳದಲ್ಲಿದ್ದ ಹೆಚ್ಚುವರಿ ಫ್ಯೂಸನ್ನು ಚಾರ್ಜರಿನ ಜಾಗಕ್ಕೆ ಹಾಕಿದೆ. ಅಷ್ಟರಲ್ಲಿ ಗೇಟಿನಿಂದ ಭಾವಮೈದನ ದನಿ ಕೇಳಿಸಿತು: "ಭಾವಾ, ಕಾರ್ ಸ್ವಲ್ಪ ಬೇಕಿತ್ತು, ಒಂದೇ ರೌಂಡ್!" ಇಲ್ಲ ಎನ್ನುವ ನಾಲಿಗೆ ನನಗೂ ಇಲ್ಲ. ಪಿಳ್ಳಪ್ಪನವರ ಮನೆಯ ನೀರು ಕುಡಿದವನಲ್ಲವೇ. ಮುಚ್ಚಳದ ಹಿಂದಿನ ಚಿತ್ರ ನೋಡಿಕೊಂಡು, ಈ ಸಲ ಮೊದಲ ಪ್ರಯತ್ನದಲ್ಲೇ ಸರಿಯಾದುದನ್ನು ಕಿತ್ತು ಜೇಬಿಗಿಳಿಸಿದೆ.

ಕಾರು ಕೊರ್ ಕೊರ್ ಎಂದಿತು. ಅವನು ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, "ಬ್ಯಾಟ್ರಿ ಇರ್ಬೇಕು" ಎಂದ. ಅವನ ಪಕ್ಕದಲ್ಲಿ ನಿಂತು ಎಂಜಿನ್ನಿನೊಳಕ್ಕೆ ಕಣ್ಣು ಹಾಯಿಸುತ್ತ, ನಡುವೆ ಮೆಲ್ಲಗೆ ಮೇಲೆ ನೋಡಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಒದ್ದೆ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು.

ನಾನು ಇನ್ನೂ ಸ್ವಲ್ಪ ಬಗ್ಗಿದೆ.