ಓಡೆಟ್ ಬರೆದ ಹೆಸರು

ಓಡೆಟ್ ಪೆತಿಜ್ಯಾಂ ತನ್ನ ಎಪ್ಪತ್ತನಾಲ್ಕು ವರ್ಷಗಳಲ್ಲಿ ಯಾರೆದುರೂ ‘ತಪ್ಪಾಯಿತು’ ಎಂದವಳಲ್ಲ. ಪಾದ್ರಿಯ ಎದುರೂ ಇಲ್ಲ. ಜೂರಾ ಸೀಮೆಯ ದ್ರಾಕ್ಷಿ ಗುಡ್ಡಗಳಲ್ಲಿ ಹಟಮಾರಿಗಳಿಗೇನೂ ಬರವಿಲ್ಲ, ಆದರೆ ಇವಳ ಹಟದ ಮುಂದೆ ಉಳಿದವರದೆಲ್ಲ ಮಕ್ಕಳಾಟ. ಅವಳ ಮೂವತ್ತೆಂಟನೆಯ ವಯಸ್ಸಿಗೇ ಗಂಡ ತೀರಿಕೊಂಡಾಗ ಊರಿನ ಗಂಡಸರು ಬಂದು, ಹೆಂಗಸು ನೆಲಮಾಳಿಗೆಗೆ ಇಳಿದರೆ ವೈನ್ ಹುಳಿಯಾಗುತ್ತದೆ, ತೋಟ ಮಾರಿಬಿಡು ಎಂದರು. ಅವಳು ಮಾರಲಿಲ್ಲ. ಹುಳಿಯಾದದ್ದು ಆ ಗಂಡಸರ ಮುಖ ಮಾತ್ರ.

ಅವಳು ಮಾಡುತ್ತಿದ್ದದ್ದು ಹಳದಿ ವೈನ್. ಬೇರೆ ಸೀಮೆಗಳಲ್ಲಿ ಪೀಪಾಯಿ ಒಂದು ಬೆರಳು ಬತ್ತಿದರೂ ಸಾಕು, ಓಡಿ ಬಂದು ಮೇಲಿಂದ ತುಂಬಿಸುತ್ತಾರೆ. ಇಲ್ಲಿ ಹಾಗಲ್ಲ. ಆರು ವರ್ಷ ಮೂರು ತಿಂಗಳು ಅದಕ್ಕೆ ಏನನ್ನೂ ಸೇರಿಸುವಂತಿಲ್ಲ. ಮೂರರಲ್ಲೊಂದು ಪಾಲು ಆವಿಯಾಗಿ ಹೋಗುತ್ತದೆ, ಉಳಿದದ್ದರ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಆ ಪೊರೆ ಕದಡಿದರೆ ಕೆಲಸ ಕೆಟ್ಟಿತು. ವರ್ಷಕ್ಕೆರಡು ಸಲ ನಾಲ್ಕು ಹನಿ ತೆಗೆದು ಮೂಸಿ ನೋಡಬಹುದು, ಅಷ್ಟೆ. ಉಳಿದಂತೆ ಕೈಕಟ್ಟಿ ಕೂರುವುದೇ ಅಲ್ಲಿನ ದೊಡ್ಡ ಕಸುಬು. ಆ ಕಸುಬಿನಲ್ಲಿ ಓಡೆಟ್‌ಳನ್ನು ಮೀರಿಸಿದವರಿರಲಿಲ್ಲ.

ಅವಳ ಮಗ ರೆಮಿಗೆ ಅದು ಒಲಿಯಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬರ್ಗಂಡಿಯಲ್ಲಿ ಓದು ಮುಗಿಸಿ ಬಂದವನು, ತಾಯಿ ವಾರದ ಮಟ್ಟಿಗೆ ತನ್ನ ತಂಗಿಯ ಮನೆಗೆ ಹೋಗಿದ್ದಾಗ, ಏಳು ಪೀಪಾಯಿಗಳು ತೀರಾ ಬತ್ತಿವೆಯೆಂದು ಗಾಬರಿಯಾಗಿ ಕಂಠಮಟ್ಟ ತುಂಬಿಸಿಬಿಟ್ಟ. ನಾಲ್ಕು ವರ್ಷದ ತಪಸ್ಸು ನೀರುಪಾಲಾಯಿತು. ಆಗಿನಿಂದ ಯಾವ ಹಬ್ಬದೂಟಕ್ಕೆ ಯಾರು ಬಂದರೂ ಓಡೆಟ್ ಆ ಕತೆ ತೆಗೆಯುವಳು. “ನಮ್ಮ ರೆಮಿದು ತುಂಬಾ ಮೆತ್ತನೆ ಮನಸ್ಸು. ಅಯ್ಯೋ ಪಾಪ ಅಂತಾನೇ ಏಳನ್ನ ಕೊಂದ!” ನೆಂಟರು ನಗುವರು. ರೆಮಿ ತಟ್ಟೆ ನೋಡುತ್ತಾ ಬ್ರೆಡ್ ಮುರಿಯುವನು. ಮಗಳು ಸಬೀನ್ ಲಿಯೋನಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ, ತಾಯಿಯದೇ ಅಚ್ಚು. ಅವಳು ಗದರಿದರೆ ಮಕ್ಕಳಿರಲಿ, ಮಕ್ಕಳ ಅಪ್ಪಂದಿರೂ ಎದ್ದು ನಿಲ್ಲುತ್ತಿದ್ದರು.

ಕಳೆದ ವಸಂತದಲ್ಲಿ ಓಡೆಟ್‌ಳ ನಾಲಿಗೆ ತೊದಲತೊಡಗಿತು. ಬೆಜಾನ್ಸೋನಿನ ದೊಡ್ಡ ಡಾಕ್ಟರು ನರಗಳ ಕಾಯಿಲೆ ಎಂದರು. ಮೊದಲು ಮಾತು ಹೋಗುತ್ತದೆ, ಆಮೇಲೆ ನುಂಗುವ ಶಕ್ತಿ, ಕೊನೆಗೆ ಉಸಿರು. ಹೊಟ್ಟೆಗೆ ನಳಿಗೆ ಹಾಕಿ ಊಟ ಕೊಡಬಹುದು, ಗಂಟಲಿಗೆ ತೂತು ಮಾಡಿ ಯಂತ್ರದಿಂದ ಉಸಿರು ಕೊಡಬಹುದು ಎಂದೂ ವಿವರಿಸಿದರು.

“ಆಮೇಲೆ?” ಎಂದು ಕೇಳಿದಳು ಓಡೆಟ್.

ಡಾಕ್ಟರು ಕನ್ನಡಕ ಒರೆಸಿಕೊಂಡರು.

ಅವಳಿಗೆ ಉತ್ತರ ಗೊತ್ತಿತ್ತು. ಗಂಡ ಲೂಸಿಯೆನ್ ಟ್ರ್ಯಾಕ್ಟರಿನಿಂದ ಬಿದ್ದು ನಲವತ್ತೊಂದು ದಿನ ಯಂತ್ರದ ಉಸಿರಿನಲ್ಲಿ ಮಲಗಿದ್ದ. ಇನ್ನು ಆಸೆಯಿಲ್ಲ ಎಂದು ಡಾಕ್ಟರು ಎರಡನೆಯ ವಾರವೇ ಹೇಳಿದ್ದರು. ಇನ್ನೊಂದು ದಿನ ನೋಡಿ, ಇನ್ನೊಂದೇ ದಿನ ನೋಡಿ ಎಂದು ಅಂಗಲಾಚಿದವಳು ಇವಳೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಇಬ್ಬರು ಮಕ್ಕಳನ್ನೂ ಊಟಕ್ಕೆ ಕರೆದಳು. ಹಳದಿ ವೈನಿನಲ್ಲಿ ಬೇಯಿಸಿದ ಕೋಳಿ, ಕಾಡಣಬೆ. ತನಗೆ ಸಾರು ಮಾತ್ರ ಬಡಿಸಿಕೊಂಡಳು. ಊಟದ ಕೊನೆಗೆ ಚೀಸ್ ಬರುವ ಹೊತ್ತಿಗೆ ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದರಲ್ಲಿ ಅವಳದೇ ಅಕ್ಷರದಲ್ಲಿ: ನಳಿಗೆ ಬೇಡ, ಯಂತ್ರ ಬೇಡ, ಆಸ್ಪತ್ರೆ ಬೇಡ, ಸಂಕಟವಾದರೆ ಔಷಧಿ ಕೊಡಿ, ನನ್ನ ಮಂಚದಲ್ಲೇ ಬಿಡಿ. ಇನ್ನೊಂದರಲ್ಲಿ, ಅವಳಿಗೆ ಪ್ರಜ್ಞೆ ತಪ್ಪಿದಾಗ ಅವಳ ಪರವಾಗಿ ಮಾತಾಡಬೇಕಾದವರ ಹೆಸರು. ಅದರಲ್ಲಿ ಒಂದೇ ಹೆಸರಿಗೆ ಜಾಗ. ಸಬೀನ್ ಎಂದು ಬರೆದಾಗಿತ್ತು.

ರೆಮಿ ಓದಿದ. ಕಿವಿ ಕೆಂಪಾಯಿತು. “ಅಮ್ಮಾ, ದಿನಾ ನಿನ್ನ ಜೊತೆ ಇರೋನು ನಾನು. ಅವಳು ಬರೋದು ವರ್ಷಕ್ಕೆ ನಾಲ್ಕು ಸಲ.”

“ಅದಕ್ಕೇ,” ಎಂದಳು ಓಡೆಟ್, ಒಂದೊಂದೇ ಅಕ್ಷರ ಎಳೆಯುತ್ತಾ. “ನಾನು ಬತ್ತೋದು ನೋಡ್ತಾ ಕೂರೋಕೆ ನಿನ್ನ ಕೈಲಾಗಲ್ಲ. ನನ್ನನ್ನೂ ತುಂಬಿಸಿಬಿಡ್ತೀಯ.”

“ಅಮ್ಮಾ, ಊಟದ ಹೊತ್ತಲ್ಲಿ ಇದೆಲ್ಲ ಬೇಕಾ?” ಎಂದಳು ಸಬೀನ್.

“ನೀನು ಸುಮ್ನಿರು. ನಿನ್ನ ಗುಂಡಿಗೆ ಗಟ್ಟಿ. ಮಾತು ಕೊಡು.”

ಸಬೀನ್ ಕೊಟ್ಟಳು, ಬೆನ್ನು ನೆಟ್ಟಗೆ ಮಾಡಿಕೊಂಡು. ರೆಮಿ ಎದ್ದು ಪಾತ್ರೆ ತೊಳೆಯಲು ಹೋದ. ಇಷ್ಟು ಗಟ್ಟಿಯಾಗಿ ತಟ್ಟೆ ಉಜ್ಜಿದ್ದನ್ನು ಆ ಮನೆ ಹಿಂದೆ ಕಂಡಿರಲಿಲ್ಲ.

ಮಾತು ನಿಂತದ್ದು ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಆಮೇಲೆ ಓಡೆಟ್ ಒಂದು ಸ್ಲೇಟು ಹಿಡಿದಳು. ಬಾಯಿ ಮುಚ್ಚಿದರೇನು, ಅಧಿಕಾರ ಮುಚ್ಚುತ್ತದೆಯೇ? ‘ಬುಟ್ಟಿ ತೊಳಿ.’ ‘ಆ ಆಳಿಗೆ ಕತ್ತರಿ ಹಿಡಿಯೋಕೆ ಬರಲ್ಲ.’ ‘ಗಡ್ಡ ಬೋಳಿಸಿಕೋ.’ ರೆಮಿ ದಿನಾ ಸಂಜೆ ಬಂದು ಗಂಜಿಯಂತೆ ಅರೆದ ಸೂಪನ್ನು ಚಮಚದಲ್ಲಿ ಕುಡಿಸುವನು. ಅರ್ಧ ಒಳಗೆ, ಅರ್ಧ ಟವೆಲಿಗೆ. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಅವಳು ನಲವತ್ತು ಕಿಲೋಗೆ ಇಳಿದಳು. ನಳಿಗೆಯ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಹೋಗುವಾಗ ಅಂಗಳದಲ್ಲಿ ಕಾರಿನೊಳಗೆ ತುಂಬಾ ಹೊತ್ತು ಸುಮ್ಮನೆ ಕೂತಿರುತ್ತಿದ್ದ. ಓಡೆಟ್ ಕಿಟಕಿಯಿಂದ ನೋಡುತ್ತಿದ್ದಳು. ಅಳುಬುರುಕ, ಎಂದುಕೊಳ್ಳುತ್ತಿದ್ದಳು.

ಫೆಬ್ರವರಿಯ ರಜೆಗೆ ಸಬೀನ್ ಬಂದ ಮೂರನೆಯ ದಿನ ಓಡೆಟ್‌ಗೆ ಜ್ವರ ಏರಿತು. ಮಧ್ಯಾಹ್ನದ ಹೊತ್ತಿಗೆ ಎದೆಯೊಳಗೆ ಕುದಿಯುವ ಸದ್ದು. ರೆಪ್ಪೆ ಎತ್ತಲಾಗದು, ಬೆರಳು ಆಡಿಸಲಾಗದು. ಕಿವಿ ಮಾತ್ರ ನೆಟ್ಟಗಿತ್ತು. ತೋಟದಿಂದ ಓಡಿಬಂದ ರೆಮಿಯ ಹೆಜ್ಜೆಸದ್ದು ಕೇಳಿಸಿತು, ಊರಿನ ಡಾಕ್ಟರಮ್ಮ ಮರೆಷಾಲ್ ಬಂದು ಎದೆಗೆ ಕಿವಿಗೊಟ್ಟದ್ದು ತಿಳಿಯಿತು.

“ಊಟ ಶ್ವಾಸಕೋಶಕ್ಕೆ ಇಳಿದು ಸೋಂಕಾಗಿದೆ,” ಎಂದರು ಡಾಕ್ಟರಮ್ಮ. “ಅವರು ಬರೆದಿಟ್ಟಿದ್ದು ನಂಗೆ ಗೊತ್ತು. ಆದರೆ ಆಸ್ಪತ್ರೆಗೆ ಹಾಕಿ ಯಂತ್ರ ಕೊಟ್ಟರೆ ಈ ಸೋಂಕು ಇಳಿಯಲೂಬಹುದು. ಕೆಲವು ತಿಂಗಳು ಸಿಗಬಹುದು. ಅದಕ್ಕೇ ಕೇಳ್ತಿದೀನಿ. ಸಬೀನ್, ಹೆಸರು ನಿಮ್ಮದಿದೆ. ಅಮ್ಮ ಏನು ಹೇಳ್ತಿದ್ದರು?”

ಓಡೆಟ್ ಕಾದಳು. ಹೇಳು ಮಗಳೇ, ಎರಡೇ ಅಕ್ಷರ.

“ಕರೆದುಕೊಂಡು ಹೋಗಿ,” ಎಂದಳು ಸಬೀನ್. ಅದು ಅವಳ ದನಿಯೇ ಆಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿಯ ದನಿ. “ನನ್ನ ಕೈಲಾಗಲ್ಲ. ಇನ್ನೊಂದು ನಾಲ್ಕು ದಿನ ನೋಡಿ ಡಾಕ್ಟ್ರೇ. ಇನ್ನು ನಾಲ್ಕೇ ದಿನ!”

ಆ ಮಾತು ಓಡೆಟ್‌ಗೆ ಚೆನ್ನಾಗಿ ಗೊತ್ತಿದ್ದ ಮಾತು. ಕೂಗಬೇಕು, ಕಾಗದ ಓದಿ ಎನ್ನಬೇಕು, ಮಗಳ ಕೆನ್ನೆಗೊಂದು ಕೊಡಬೇಕು. ಎಷ್ಟು ಹೆಣಗಿದರೂ ರೆಪ್ಪೆ ಕೂಡ ಅಲುಗಲಿಲ್ಲ. ಜೀವಮಾನವಿಡೀ ತನ್ನ ಮಾತು ನಡೆಸಿಕೊಂಡವಳು, ಕೊನೆಯ ಮಾತಿನಲ್ಲಿ ಸೋತೆ ಎಂದುಕೊಂಡಳು. ಡಾಕ್ಟರಮ್ಮ ಫೋನು ತೆಗೆದ ಸದ್ದು ಕೇಳಿಸಿತು.

“ಫೋನ್ ಇಡಿ,” ಎಂದ ರೆಮಿ.

ಕಾಗದ ಬಿಡಿಸುವ ಸರಬರ ಕೇಳಿಸಿತು. ಓದಿದ, ಶುರುವಿನಿಂದ ಕೊನೆಯವರೆಗೆ. ಅಳುತ್ತಲೇ ಓದಿದ, ಆದರೆ ಒಂದು ಪದವನ್ನೂ ಬಿಡಲಿಲ್ಲ. “ಆಸ್ಪತ್ರೆ ಬೇಡ ಅಂತ ಬರೆದಿದಾಳೆ. ಅವಳ ಕೈಬರಹ ಇದು. ಔಷಧಿ ಕೊಡಿ ಡಾಕ್ಟ್ರೇ, ಸಂಕಟ ಕಡಿಮೆಯಾಗಲಿ. ಬೇರೇನೂ ಬೇಡ.”

“ಸಾಯ್ತಾಳೆ ಕಣೋ!” ಎಂದು ಚೀರಿದಳು ಸಬೀನ್.

“ಗೊತ್ತು. ಬಾ ಇಲ್ಲಿ. ಕೈ ಹಿಡ್ಕೋ. ಅಷ್ಟೇ ಮಾಡು, ಇನ್ನೇನೂ ಮಾಡ್ಬೇಡ.”

ಸಬೀನ್‌ಳ ಒದ್ದೆ ಕೈ ಬಂದು ಓಡೆಟ್‌ಳ ಎಡಗೈಯನ್ನು ಹಿಡಿಯಿತು. ಡಾಕ್ಟರಮ್ಮ ಫೋನು ಕೆಳಗಿಟ್ಟರು. ಆಮೇಲೆ ಚೀಲ ತೆರೆದು ಸೂಜಿ ಚುಚ್ಚಿದರು. ಎದೆಯ ಕುದಿತ ಮೆಲ್ಲಗೆ ಇಳಿಯಿತು, ಅರ್ಧ ಗಂಟೆಯ ಮೇಲೆ ಕಣ್ಣು ಒಂದೆಳೆ ತೆರೆಯಿತು. ಮಂಚದ ಪಕ್ಕದಲ್ಲಿ ರೆಮಿ, ಗಡ್ಡ ಬೋಳಿಸಿರಲಿಲ್ಲ.

ಅವಳ ಬಲಗೈ ಹೊದಿಕೆಯ ಮೇಲೆ ತಡಕಾಡಿತು. ಅವನಿಗೆ ಅರ್ಥವಾಯಿತು. ಸ್ಲೇಟು ಎತ್ತಿ ಹಿಡಿದ, ಬಳಪವನ್ನು ಬೆರಳ ನಡುವೆ ಸಿಕ್ಕಿಸಿದ. ಇನ್ನೇನು ಬೈಗುಳ ಬರುತ್ತದೋ ಎಂದು ತಲೆ ತಗ್ಗಿಸಿದ.

ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಓದಲು ಹೊತ್ತು ಹಿಡಿಯಿತು.

‘ಹೆಸರು ತಪ್ಪು ಬರೆದಿದ್ದೆ.’